ನೆಕ್ಕರ್ ದಂಡೆಯಲ್ಲಿ ಅರವತ್ತು ಕಿಲೋಮೀಟರ್ ಸಾಕು ಕಣಮ್ಮಾ

ಪುಟ್ಟೀ,

ಜರ್ಮನಿಯಿಂದ ನೀನು ಕಳಿಸಿದ ನಕ್ಷೆ ನೋಡಿದೆ. ಭಾನುವಾರ ಬೆಳಿಗ್ಗೆ ಟ್ಯೂಬಿಂಗೆನ್‌ನಲ್ಲಿ ಸೈಕಲ್ ಹತ್ತಿ, ನೆಕ್ಕರ್ ನದಿಯ ಪಕ್ಕದಲ್ಲೇ ತುಳಿದುಕೊಂಡು, ಸ್ಟುಟ್‌ಗಾರ್ಟ್ ದಾಟಿ, ಕತ್ತಲಾಗುವುದರೊಳಗೆ ಹೈಲ್‌ಬ್ರಾನ್ ಸೇರುವುದು. ಹತ್ತಿರ ಹತ್ತಿರ 150 ಕಿಲೋಮೀಟರ್. ನದಿ ಹರಿಯುವ ದಿಕ್ಕಿಗೇ ಹೋಗುವುದರಿಂದ ಕಷ್ಟವೇನಿಲ್ಲ ಎಂದು ನಿನ್ನ ಮೊಬೈಲಿನ ಆ್ಯಪ್ ಭರವಸೆ ಕೊಟ್ಟಿದೆಯಂತೆ. ಆ್ಯಪಿಗೆ ಸೊಂಟ ಇಲ್ಲ, ಮಂಡಿ ಇಲ್ಲ. ಅದು ಏನು ಬೇಕಾದರೂ ಹೇಳುತ್ತದೆ.

ದೊಡ್ಡಪ್ಪನ ಮಾತು ಕೇಳುವುದಾದರೆ ಆ ಗೆರೆಯನ್ನು ಎಸ್ಲಿಂಗೆನ್ ಹತ್ತಿರ ಕತ್ತರಿಸು. ಟ್ಯೂಬಿಂಗೆನ್‌ನಿಂದ ಅಲ್ಲಿಗೆ ಸುಮಾರು 60 ಕಿ.ಮೀ. ದಿನಕ್ಕೆ ಅಷ್ಟು ಸಾಕು. ಮುದುಕನಾದ, ಅದಕ್ಕೇ ಹೀಗೆ ಹೇಳುತ್ತಾನೆ ಎಂದುಕೊಳ್ಳಬೇಡ, ಲೆಕ್ಕ ಹಾಕಿ ನೋಡು. ಹಿಂದೆ ಸಾಮಾನು ಕಟ್ಟಿದ ಸೈಕಲ್ಲಿನಲ್ಲಿ, ಸೇತುವೆ, ತಿರುವು, ಎದುರು ಬರುವ ಮಕ್ಕಳು, ನಾಯಿ ಹಿಡಿದು ಹೊರಟ ಅಜ್ಜಿಯರು ಎಲ್ಲ ಸೇರಿ ಗಂಟೆಗೆ 15 ಕಿ.ಮೀ. ಹೋದರೆ ದೊಡ್ಡದು. 60ಕ್ಕೆ ನಾಲ್ಕು ಗಂಟೆ ತುಳಿಯಬೇಕು. ತಿಂಡಿ, ಊಟ, ನಿಂತು ನೋಡುವುದು, ದಾರಿ ತಪ್ಪಿ ವಾಪಸು ಬರುವುದು ಇವಕ್ಕೆ ಇನ್ನು ನಾಲ್ಕು ಗಂಟೆ. ಎಂಟೂವರೆಗೆ ಹೊರಟರೆ ನಾಲ್ಕೂವರೆ, ಐದಕ್ಕೆ ಎಸ್ಲಿಂಗೆನ್. ಅದೇ 150 ಎಂದರೆ ಬರೀ ತುಳಿಯುವುದಕ್ಕೇ ಹತ್ತು ಗಂಟೆ. ಸೆಪ್ಟೆಂಬರ್ ನಡುವಿನಲ್ಲಿ ಅಲ್ಲಿ ಬೆಳಕಾಗುವುದು ಏಳರ ಹೊತ್ತಿಗೆ, ಸೂರ್ಯ ಮುಳುಗುವುದು ಏಳೂವರೆಗೆ. ನಿಲ್ಲಲು ಪುರುಸೊತ್ತೇ ಇಲ್ಲದ ಹಾಗೆ ದಿನವನ್ನು ತುಂಬಿಸಿಕೊಂಡರೆ ನದಿ ಪಕ್ಕದಲ್ಲಿ ಹೋದದ್ದಕ್ಕೂ ಹೆದ್ದಾರಿಯಲ್ಲಿ ಹೋದದ್ದಕ್ಕೂ ಏನು ವ್ಯತ್ಯಾಸ?

ಎಸ್ಲಿಂಗೆನ್‌ವರೆಗೆ ಮಾತ್ರ ಎಂದು ಹೇಳಲು ಇನ್ನೊಂದು ಕಾರಣವಿದೆ, ಅದು ನಮ್ಮ ಕಡೆಯದು. ಕನ್ನಡದ ಎರಡು ದೊಡ್ಡ ಹೆಸರುಗಳ ಕೊನೆಯ ಊರುಗಳು ಈ ದಾರಿಯ ಈ ತುದಿ, ಆ ತುದಿಯಲ್ಲಿವೆ. ನಿಘಂಟಿನ ಫರ್ಡಿನಾಂಡ್ ಕಿಟೆಲ್ ತೀರಿಕೊಂಡದ್ದು 1903ರಲ್ಲಿ, ಟ್ಯೂಬಿಂಗೆನ್‌ನಲ್ಲಿ. ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು 1881ರಲ್ಲಿ, ಎಸ್ಲಿಂಗೆನ್‌ನಲ್ಲಿ. ಬೆಂಗಳೂರಿನಲ್ಲಿ ಕಿಟೆಲ್ ಪ್ರತಿಮೆಯ ಮುಂದೆ ಬಸ್ಸಿನಲ್ಲಿ ಎಷ್ಟು ಸಲ ಓಡಾಡಿದ್ದೀಯ. ಆ ಮನುಷ್ಯ ಕೊನೆಗಾಲದಲ್ಲಿದ್ದ ಊರನ್ನು ಒಂದು ಗಂಟೆ ನೋಡದೆ, ಹೈಲ್‌ಬ್ರಾನ್‌ಗೆ ಹೊತ್ತಾಯಿತೆಂದು ಓಡುವುದು ನನಗೇನೋ ಸರಿ ಕಾಣುವುದಿಲ್ಲ.

ಸ್ಟುಟ್‌ಗಾರ್ಟ್‌ನಿಂದ ಟ್ಯೂಬಿಂಗೆನ್‌ಗೆ ಪ್ರಾದೇಶಿಕ ರೈಲಿನಲ್ಲೇ ಹೋಗು, ಒಂದು ಗಂಟೆಯೊಳಗಿನ ದಾರಿ. ನೀನಿರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಶನಿವಾರ, ಭಾನುವಾರ ಈ ರೈಲುಗಳಲ್ಲಿ ಸೈಕಲ್ಲಿಗೆ ಬೇರೆ ಟಿಕೆಟ್ ಬೇಡ. ವಾರದ ದಿನಗಳಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಕಚೇರಿಗೆ ಹೋಗುವವರ ಹೊತ್ತು. ಆಗ ನಿಯಮ ಬೇರೆ. ಬಾಗಿಲ ಮೇಲೆ ಸೈಕಲ್ ಚಿತ್ರ ಇರುವ ಬೋಗಿಯನ್ನೇ ಹುಡುಕಿ ಹತ್ತು. ಆ ಜಾಗದಲ್ಲಿ ಗಾಲಿಕುರ್ಚಿಗೆ, ಮಗುವಿನ ತಳ್ಳುಗಾಡಿಗೆ ಮೊದಲ ಹಕ್ಕು. ಜಾಗವಿಲ್ಲದಿದ್ದರೆ ವಾದ ಮಾಡದೆ ಮುಂದಿನ ರೈಲಿಗೆ ಕಾಯಬೇಕು. ವೇಗದ ಐಸಿಇ ರೈಲುಗಳಿಗಾದರೆ ಸೈಕಲ್ಲಿಗೂ ಮುಂಚೆಯೇ ಜಾಗ ಕಾದಿರಿಸಬೇಕು. ಅದರ ತಂಟೆಗೇ ಹೋಗಬೇಡ.

ಟ್ಯೂಬಿಂಗೆನ್‌ನಲ್ಲಿ ಇಳಿದ ಕೂಡಲೇ ಪೆಡಲ್ ತುಳಿಯಬೇಡ. ನಿಲ್ದಾಣದಿಂದ ಸೈಕಲ್ ತಳ್ಳಿಕೊಂಡೇ ಐದು ನಿಮಿಷ ನಡೆದರೆ ನೆಕ್ಕರ್ ಸೇತುವೆ. ಅಲ್ಲಿ ನಿಂತು ಎಡಗಡೆ ನೋಡು. ನೀರಿಗೆ ಒರಗಿದ ಹಾಗೆ ಬಣ್ಣಬಣ್ಣದ ಹಳೆ ಮನೆಗಳ ಸಾಲು, ಅದರ ಆಚೆ ಹಳದಿ ಬಣ್ಣದ ಒಂದು ದುಂಡು ಗೋಪುರ. ಕವಿ ಹ್ಯೋಲ್ಡರ್ಲಿನ್ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಮೇಲೆ, 1807ರಿಂದ 36 ವರ್ಷ ಆ ಮನೆಯಲ್ಲೇ ಇದ್ದ. ನೋಡಿಕೊಂಡದ್ದು ಮರಗೆಲಸದವನೊಬ್ಬನ ಕುಟುಂಬ. ಈಗಿರುವ ಗೋಪುರ 1875ರ ಬೆಂಕಿಯ ನಂತರ ಮತ್ತೆ ಕಟ್ಟಿದ್ದು. ಹ್ಯೋಲ್ಡರ್ಲಿನ್ ಸತ್ತದ್ದು 1843ರ ಜೂನ್‌ನಲ್ಲಿ. ಮುಂದಿನ ತಿಂಗಳು, ಜುಲೈ 1ಕ್ಕೆ, ಇದೇ ಟ್ಯೂಬಿಂಗೆನ್‌ನಲ್ಲಿ ಓದಿ ಬಂದಿದ್ದ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಕನ್ನಡದ ಮೊದಲ ಪತ್ರಿಕೆ ಹೊರತಂದ. ಇವತ್ತಿಗೂ ನಮ್ಮಲ್ಲಿ ಅದೇ ದಿನ ಪತ್ರಿಕಾ ದಿನಾಚರಣೆ. ಎರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ, ಗೊತ್ತು. ಆದರೂ ಆ ಸೇತುವೆಯ ಮೇಲೆ ನಿಂತಾಗ ನನಗೆ ಈ ಎರಡು ತಾರೀಖುಗಳೂ ಜೊತೆಯಲ್ಲೇ ನೆನಪಾಗುತ್ತವೆ.

ಕಿಟೆಲ್ ಹುಟ್ಟಿದ್ದು ದೂರದ ಉತ್ತರ ಜರ್ಮನಿಯಲ್ಲಿ, 1832ರಲ್ಲಿ. ಬಾಸೆಲ್ ಮಿಷನ್ನಿನಿಂದ ನಮ್ಮ ಕಡೆ ಬಂದ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದ. ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಮಂಗಳೂರಿನಿಂದ ಅಚ್ಚಾಗಿ ಬಂತು. ಎರಡು ವರ್ಷದ ಮೇಲೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಇವರೆಲ್ಲ ಬಂದದ್ದು ಮತಪ್ರಚಾರಕ್ಕೆ. ಅದನ್ನು ಮುಚ್ಚಿಟ್ಟು ಹೊಗಳಬೇಕಾದ್ದಿಲ್ಲ. ಆದರೆ ಹಳಗನ್ನಡದ ಒಂದು ಪದಕ್ಕೆ ಅರ್ಥ ಬೇಕಾದಾಗ ನಾನು ಇವತ್ತಿಗೂ ತೆಗೆಯುವ ಪುಸ್ತಕಗಳಲ್ಲಿ ಆ ನಿಘಂಟೂ ಒಂದು. ಆ ವಿಶ್ವವಿದ್ಯಾಲಯ 1477ರಿಂದ ಇದೆ. ಹಳೆ ಊರಿನ ಓಣಿಗಳಲ್ಲಿ ಸೈಕಲ್ ತಳ್ಳಿಕೊಂಡು ಒಂದು ಸುತ್ತು ಬಾ. ಕಲ್ಲುಹಾಸಿನ ಏರು, ಹತ್ತಿಕೊಂಡು ಹೋಗುವ ಹಟ ಬೇಡ.

ಇನ್ನು ಸೈಕಲ್ಲಿನ ಮಾತು. ಬಾಡಿಗೆ ಅಂಗಡಿಯವನು ಕೊಡುವುದು ಹೆಚ್ಚಾಗಿ ಟ್ರೆಕಿಂಗ್ ಸೈಕಲ್: ಮಡ್‌ಗಾರ್ಡ್, ಕ್ಯಾರಿಯರ್, ಡೈನಮೋ ದೀಪ, ಗಂಟೆ ಎಲ್ಲ ಇರುತ್ತವೆ. ದೀಪ, ಗಂಟೆ, ಎರಡು ಬ್ರೇಕು ಅಲ್ಲಿ ಕಾನೂನಿನ ಪ್ರಕಾರ ಇರಲೇಬೇಕು. ಹೆಲ್ಮೆಟ್ ಕಡ್ಡಾಯವಲ್ಲ, ಆದರೆ ನೀನು ಹಾಕಿಕೊಳ್ಳುತ್ತೀಯ, ಅದರಲ್ಲಿ ಚರ್ಚೆ ಇಲ್ಲ. ಅಂಗಡಿಯಿಂದ ಹೊರಡುವ ಮೊದಲು ಪೆಡಲನ್ನು ಹಿಂದಕ್ಕೆ ತಿರುಗಿಸಿ ನೋಡು. ಕೆಲವು ಜರ್ಮನ್ ಸೈಕಲ್ಲುಗಳಲ್ಲಿ ಪೆಡಲ್ ಹಿಂದಕ್ಕೆ ಒತ್ತಿದರೆ ಹಿಂದಿನ ಚಕ್ರಕ್ಕೆ ಬ್ರೇಕ್ ಬೀಳುತ್ತದೆ. ನಾವು ಹರ್ಕ್ಯುಲಿಸ್, ಅಟ್ಲಾಸ್ ತುಳಿದವರು, ಇಳಿಜಾರಿನಲ್ಲಿ ಪೆಡಲನ್ನು ಸುಮ್ಮನೆ ಹಿಂದಕ್ಕೆ ತಿರುಗಿಸುತ್ತ ಕೂರುವ ಚಟದವರು. ಗೊತ್ತಿಲ್ಲದೆ ಹಾಗೆ ಮಾಡಿದರೆ ಚಕ್ರ ಗಕ್ಕನೆ ಹಿಡಿದುಕೊಳ್ಳುತ್ತದೆ. ಟ್ಯೂಬಿನ ಬಾಯಿಯನ್ನೂ ನೋಡು. ಕಾರಿನ ಟೈರಿನಂಥ ದಪ್ಪ ವಾಲ್ವೋ, ಸಣ್ಣ ಫ್ರೆಂಚ್ ವಾಲ್ವೋ, ನಮ್ಮ ಹಳೆ ಸೈಕಲ್ಲಿನಂಥದೋ ತಿಳಿದುಕೊಂಡು, ಅದಕ್ಕೆ ಹೊಂದುವ ಪಂಪು ಮತ್ತು ಒಂದು ಹೊಸ ಟ್ಯೂಬು ಚೀಲದಲ್ಲಿರಲಿ. ಭಾನುವಾರ ಸೈಕಲ್ ಅಂಗಡಿ ತೆರೆದಿರುವುದಿಲ್ಲ. ಪಂಕ್ಚರ್ ಹಾಕುವ ಅಣ್ಣ ಯಾವ ಮೂಲೆಯಲ್ಲೂ ಕೂತಿರುವುದಿಲ್ಲ.

ಬೆನ್ನಿಗೆ ಚೀಲ ಹಾಕಿಕೊಳ್ಳಬೇಡ. ಎಲ್ಲವೂ ಕ್ಯಾರಿಯರಿನ ಪಕ್ಕದ ಚೀಲಕ್ಕೆ. ಮಳೆ ಅಂಗಿ, ಒಣ ಸಾಕ್ಸ್, ಎರಡು ಬಾಟಲಿ ನೀರು. ಉಳಿದದ್ದು ನಿನ್ನ ಜಾಣತನ.

ಈಗ ಹೇಳುವುದನ್ನು ಗಮನವಿಟ್ಟು ಕೇಳು. ಅಲ್ಲಿ ಓಡಾಟ ಬಲಗಡೆ. ಅದು ನಿನಗೆ ಗೊತ್ತು, ಬಸ್ಸಿನಲ್ಲಿ ದಿನಾ ನೋಡುತ್ತೀಯ. ಗೊತ್ತಿರುವುದು ಬೇರೆ, ಕೈಗೆ ಬರುವುದು ಬೇರೆ. ಬೆಳಿಗ್ಗೆ ಹೊರಡುವಾಗ ಎಚ್ಚರವಾಗಿರುತ್ತೀಯ, ತಪ್ಪು ಆಗುವುದಿಲ್ಲ. ತಪ್ಪಾಗುವುದು ಮಧ್ಯಾಹ್ನ. ಹೊಟ್ಟೆ ತುಂಬ ತಿಂದು, ಯಾರೂ ಇಲ್ಲದ ದಾರಿಯಲ್ಲಿ ಮತ್ತೆ ಹತ್ತುತ್ತೀಯಲ್ಲ, ಆ ಹೊತ್ತಿಗೆ ಹುಟ್ಟೂರಿನ ಅಭ್ಯಾಸ ಮೆಲ್ಲಗೆ ಎಡಕ್ಕೆ ಎಳೆದುಕೊಂಡು ಹೋಗುತ್ತದೆ. ತಿರುವಿನಲ್ಲಿ ಎದುರು ಯಾರೋ ವೇಗವಾಗಿ ಬರುತ್ತಿರುತ್ತಾರೆ. ಅದಕ್ಕೇ ನಿಂತು ಹೊರಡುವಾಗಲೆಲ್ಲ ‘ಬಲ’ ಎಂದು ಗಟ್ಟಿಯಾಗಿ ಹೇಳಿಕೊಂಡೇ ಹೊರಡು. ಯಾರಾದರೂ ಕೇಳಿಸಿಕೊಂಡು ನಕ್ಕರೆ ನಗಲಿ, ಕನ್ನಡ ಅವರಿಗೆ ತಿಳಿಯುವುದಿಲ್ಲ.

ಇದರ ಜೊತೆಗೆ ಇನ್ನೊಂದು ನಿಯಮ. ಹಳ್ಳಿಯೊಳಗೆ ಯಾವ ಫಲಕವೂ ಇಲ್ಲದ ಅಡ್ಡರಸ್ತೆ ಬಂದರೆ ನಿನ್ನ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು, ರಸ್ತೆ ಎಷ್ಟೇ ಚಿಕ್ಕದಿರಲಿ. ನಿನ್ನ ರಸ್ತೆ ಅಗಲವಾಗಿದೆ ಎಂದು ನುಗ್ಗಬೇಡ. ಹಾಗೆಯೇ ಎಡದಿಂದ ಬರುವವನು ನಿನಗೆ ದಾರಿ ಬಿಡುತ್ತಾನೆ, ಬಿಟ್ಟಾಗ ಹಿಂಜರಿಯದೆ ಹೋಗು. ಇಬ್ಬರೂ ನಿಂತು ಒಬ್ಬರ ಮುಖ ಒಬ್ಬರು ನೋಡುವುದು ಬೇಡ. ನೀಲಿ ದುಂಡು ಫಲಕದಲ್ಲಿ ಬಿಳಿ ಸೈಕಲ್ ಇದ್ದರೆ ನೀನು ಆ ಪಥದಲ್ಲೇ ಹೋಗಬೇಕು, ರಸ್ತೆಯಲ್ಲಿ ಅಲ್ಲ. ತಿರುಗುವ ಮೊದಲು ಕೈ ಚಾಚು. ಫೋನ್ ಕೈಯಲ್ಲಿ ಹಿಡಿದು ತುಳಿದರೆ 55 ಯೂರೋ ದಂಡ. ದಾರಿ ನೋಡಬೇಕಾದರೆ ನಿಲ್ಲಿಸಿ ನೋಡು. ನಿಜ ಹೇಳಬೇಕೆಂದರೆ ಫೋನ್ ನೋಡುವ ಅಗತ್ಯವೇ ಕಡಿಮೆ. ಬಿಳಿಯ ಮೇಲೆ ಹಸಿರು ಅಕ್ಷರದ ಸೈಕಲ್ ಫಲಕಗಳು ಕವಲು ಕವಲಿಗೂ ಇವೆ, ಮುಂದಿನ ಊರು ಎಷ್ಟು ದೂರವೆಂದೂ ಬರೆದಿರುತ್ತದೆ. ನೆಕ್ಕರ್ ಕಣಿವೆಯ ಸೈಕಲ್ ದಾರಿ ಷ್ವೆನಿಂಗೆನ್ ಬಳಿಯ ನದಿಮೂಲದಿಂದ ಮಾನ್‌ಹೈಮ್‌ವರೆಗೆ ಸುಮಾರು 370 ಕಿ.ಮೀ. ನೀನು ಹೋಗುವುದು ಅದರ ಆರನೆಯ ಒಂದು ಭಾಗ ಅಷ್ಟೇ.

ಅಂದ ಹಾಗೆ, ಆ ಕೊನೆಯ ಊರು ಮಾನ್‌ಹೈಮ್ ಇದೆಯಲ್ಲ, ಸೈಕಲ್ಲಿನ ಮುತ್ತಾತ ಹುಟ್ಟಿದ್ದೇ ಅಲ್ಲಿ. 1817ರ ಜೂನ್ 12ರಂದು ಕಾರ್ಲ್ ಡ್ರೈಸ್ ಎಂಬವನು ಎರಡು ಚಕ್ರದ ಮರದ ಗಾಡಿಯ ಮೇಲೆ ಕೂತು, ಕಾಲಿನಿಂದ ನೆಲ ಒದೆಯುತ್ತ ಮಾನ್‌ಹೈಮ್‌ನಿಂದ ಹೊರಟು ಏಳು ಕಿ.ಮೀ. ಆಚೆಯ ಕುದುರೆ ಬದಲಿಸುವ ಠಾಣೆಯನ್ನು ಮುಟ್ಟಿ ವಾಪಸು ಬಂದ, ಹೆಚ್ಚುಕಡಿಮೆ ಒಂದು ಗಂಟೆಯ ಹೊತ್ತಿನಲ್ಲಿ. ಪೆಡಲ್ ಇಲ್ಲ, ಚೈನ್ ಇಲ್ಲ. ಅವನ ವೇಗಕ್ಕೂ ನಾನು ನಿನಗೆ ಹಾಕಿಕೊಟ್ಟ ಗಂಟೆಗೆ 15ಕ್ಕೂ ದೊಡ್ಡ ಅಂತರವಿಲ್ಲ, ನೋಡು.

ಟ್ಯೂಬಿಂಗೆನ್‌ನಿಂದ ಲುಸ್ಟ್‌ನಾವ್ ದಾಟಿ ಕಿರ್ಷೆನ್‌ಟೆಲಿನ್ಸ್‌ಫುರ್ಟ್‌ವರೆಗೆ ದಾರಿ ಹೊಲಗಳ ನಡುವೆ ಸಪಾಟು. ಸೆಪ್ಟೆಂಬರ್ ಬೆಳಿಗ್ಗೆ ಕಣಿವೆಯಲ್ಲಿ ಮಂಜು ಕೂತಿರಬಹುದು, ದೀಪ ಹಾಕಿಕೊಂಡೇ ಹೋಗು. ಈ ಊರಿನ ನಿಲ್ದಾಣದ ಬಳಿ ಒಮ್ಮೆ ನಿಂತು ನಿನ್ನನ್ನು ನೀನು ಕೇಳಿಕೊ: ಮಂಡಿ ಸರಿಯಿದೆಯಾ, ಸೀಟು ನೋಯುತ್ತಿದೆಯಾ, ಆಕಾಶ ಹೇಗಿದೆ? ಯಾಕೆಂದರೆ ರೈಲು ಇಲ್ಲಿಂದ ನದಿಯನ್ನು ಬಿಟ್ಟು ರಾಯ್ಟ್‌ಲಿಂಗೆನ್, ಮೆಟ್ಸಿಂಗೆನ್ ಸುತ್ತಿಕೊಂಡು ನ್ಯೂರ್ಟಿಂಗೆನ್‌ಗೆ ಬರುತ್ತದೆ. ನದಿಯ ಪಕ್ಕದಲ್ಲಿ ನಿನಗೆ 20 ಕಿ.ಮೀ. ಮೇಲ್ಪಟ್ಟು ನಿಲ್ದಾಣವಿಲ್ಲ. ಜರ್ಮನಿಯ ನದಿ ದಾರಿಗಳಲ್ಲಿ ಹೊಸಬರಿಗೆ ಇರುವ ದೊಡ್ಡ ಧೈರ್ಯವೇ ಪಕ್ಕದ ರೈಲು. ಸಾಕೆನಿಸಿದರೆ ಹತ್ತಿ ಮನೆಗೆ ಬರಬಹುದು, ಅದರಲ್ಲಿ ಅವಮಾನವೇನೂ ಇಲ್ಲ. ಆ ಧೈರ್ಯ ಎಲ್ಲಿ ಇರುವುದಿಲ್ಲ ಎಂಬುದನ್ನು ಮಾತ್ರ ಮೊದಲೇ ತಿಳಿದಿರಬೇಕು. ಸೀಟು ನೋಯುತ್ತಿದ್ದರೆ ಒಂದು ಬೆರಳು ಮೇಲೋ ಕೆಳಗೋ ಮಾಡಿ ನೋಡು. ಪೆಡಲ್ ತೀರ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಬಾಗಿರಬೇಕು. ಹೆಚ್ಚು ಬಾಗಿದ್ದರೆ ಸೀಟು ತಗ್ಗಾಯಿತು ಎಂದು ಅರ್ಥ.

ಈ ನಡುವಿನ ತುಂಡೇ ಇಡೀ ದಿನದ ಚೆಂದದ ತುಂಡು. ಕಣಿವೆ ಕಿರಿದಾಗುತ್ತದೆ, ಕಾಡು ನೀರಿನವರೆಗೆ ಇಳಿದಿರುತ್ತದೆ. ನದಿ ಪಕ್ಕದ ದಾರಿ ಎಂದರೆ ಸದಾ ಸಪಾಟು ಎಂದುಕೊಳ್ಳಬೇಡ. ಅಲ್ಲಲ್ಲಿ ಅದು ನೀರನ್ನು ಬಿಟ್ಟು ಗುಡ್ಡದ ಪಕ್ಕೆಗೆ ಹತ್ತಿ ಮತ್ತೆ ಇಳಿಯುತ್ತದೆ. ಗೇರ್ ಮುಂಚೆಯೇ ಇಳಿಸಿಕೊ. ಆಗಲಿಲ್ಲವೇ, ಇಳಿದು ತಳ್ಳು. ನೆಕ್ಕರ್‌ಟೆನ್ಸ್‌ಲಿಂಗೆನ್‌ನಲ್ಲಿ ಎರ್ಮ್ಸ್ ಎಂಬ ಹೊಳೆ ಬಂದು ಸೇರುತ್ತದೆ. ಅದರಾಚೆ ನೆಕ್ಕರ್‌ಟೈಲ್‌ಫಿಂಗೆನ್‌ನಲ್ಲಿ ಈಜುವ ಕೆರೆಯೊಂದಿದೆ, ಐಲೆಸ್‌ವಾಸೆನ್‌ಸೇ. ದಾರಿಯುದ್ದಕ್ಕೂ ಸೇಬು, ಪೇರು, ಪ್ಲಮ್ ಮರಗಳ ಹಳೆ ಹುಲ್ಲುಗಾವಲು ತೋಟಗಳು. ಸೆಪ್ಟೆಂಬರಿನಲ್ಲಿ ಹಣ್ಣು ಉದುರಿ ಬಿದ್ದಿರುತ್ತದೆ. ಯಾರೂ ಕಾಯುತ್ತಿಲ್ಲವೆಂದು ಕೀಳಬೇಡ, ಪ್ರತಿ ಮರಕ್ಕೂ ಯಜಮಾನನಿದ್ದಾನೆ.

ಹುಲ್ಲು ಚೆನ್ನಾಗಿದೆಯೆಂದು ಎತ್ತರದ ಹುಲ್ಲಿನಲ್ಲಿ ಕೂರಲೂ ಬೇಡ. ಆ ಸೀಮೆಯಲ್ಲಿ ಉಣ್ಣಿ ಕಾಟ ಜಾಸ್ತಿ. ನಮ್ಮಲ್ಲಿ ದನಕ್ಕೆ ಹತ್ತುವ ಉಣ್ಣಿಯ ನೆಂಟ, ಕಡುಗಪ್ಪು ಚುಕ್ಕೆಯಷ್ಟಿರುತ್ತದೆ. ಮಿದುಳು ಜ್ವರವನ್ನೂ ಲೈಮ್ ಎಂಬ ಕಾಯಿಲೆಯನ್ನೂ ಹರಡುತ್ತದೆ. ಮಿದುಳು ಜ್ವರಕ್ಕೆ ಲಸಿಕೆ ಇದೆ. ನಿನ್ನ ರಾಜ್ಯದ ಬಹುಪಾಲು ಜಿಲ್ಲೆಗಳು ಅಪಾಯದ ಪಟ್ಟಿಯಲ್ಲಿರುವುದರಿಂದ ಅಲ್ಲಿನ ಡಾಕ್ಟರನ್ನು ಕೇಳಿ ಹಾಕಿಸಿಕೊ. ಲೈಮ್‌ಗೆ ಆ ಲಸಿಕೆ ನಾಟುವುದಿಲ್ಲ, ಹಾಗಾಗಿ ಸಂಜೆ ಸ್ನಾನ ಮಾಡುವಾಗ ಮಂಡಿಯ ಹಿಂದೆ, ಕಂಕುಳು, ಸೊಂಟ ತಪ್ಪದೆ ನೋಡಿಕೊ.

ನ್ಯೂರ್ಟಿಂಗೆನ್ ಮುಟ್ಟುವ ಹೊತ್ತಿಗೆ 35 ಕಿ.ಮೀ. ಆಗಿರುತ್ತದೆ, ಊಟದ ಹೊತ್ತು. ಹ್ಯೋಲ್ಡರ್ಲಿನ್ ಹುಡುಗನಾಗಿ ಬೆಳೆದ ಊರಿದು. ದಕ್ಷಿಣಕ್ಕೆ ನೋಡಿದರೆ ಶ್ವಾಬಿಯನ್ ಆಲ್ಬ್ ಬೆಟ್ಟಸಾಲು, ಅದರ ಅಂಚಿನಲ್ಲಿ ಹೋಹೆನ್‌ನಾಯ್ಫೆನ್ ಕೋಟೆಯ ಪಾಳು. ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು, ಇದು ಸೈಕಲ್ ತುಳಿಯುವವರ ಹಳೆ ಮಾತು. ಹಾಗಾಗಿ ಊಟದವರೆಗೆ ಕಾಯದೆ ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿಕೊ. ಶ್ವಾಬಿಯನ್ನರ ಬ್ರೆಟ್ಸೆಲ್ ಇದಕ್ಕೆ ಹೇಳಿ ಮಾಡಿಸಿದ್ದು. ಮೇಲೆ ಉಪ್ಪು, ನಡುವೆ ಬೆಣ್ಣೆ ಹಚ್ಚಿಸಿಕೊಂಡರೆ ಒಂದು ಗಂಟೆ ತುಳಿತಕ್ಕೆ ಸಾಕು. ಬೆವರಿಗೆ ಹೋದ ಉಪ್ಪೂ ವಾಪಸು ಬರುತ್ತದೆ. ಕುಡಿಯಲು ಸೇಬಿನ ರಸಕ್ಕೆ ಸೋಡಾ ಬೆರೆಸಿದ ಆಪ್‌ಫೆಲ್‌ಶೋರ್ಲೆ ಕೇಳು.

ಭಾನುವಾರ ಅಲ್ಲಿ ದಿನಸಿ ಅಂಗಡಿ, ಸೂಪರ್ ಮಾರ್ಕೆಟ್ ಎಲ್ಲ ಬಂದ್. ಬೇಕರಿಗಳು ಬೆಳಿಗ್ಗೆ ಒಂದಷ್ಟು ಹೊತ್ತು ತೆರೆದಿರುತ್ತವೆ, ಮಧ್ಯಾಹ್ನಕ್ಕೆ ಅವೂ ಇಲ್ಲ. ಆದ್ದರಿಂದ ಬಾಳೆಹಣ್ಣು, ಬ್ರೆಡ್ಡು, ಚೀಸು ಶನಿವಾರವೇ ಕೊಂಡಿಟ್ಟುಕೊ. ಹಳ್ಳಿಯ ಹೋಟೆಲು, ತೋಟದ ಕೆಫೆಗಳಲ್ಲಿ ಕಾರ್ಡ್ ನಡೆಯದೆಯೂ ಇರಬಹುದು, ಯುಪಿಐ ಗುಂಗಿನಲ್ಲಿ ಬರಿಗೈಲಿ ಹೋಗಬೇಡ. ನೀನು ಮಾಂಸ ತಿನ್ನುವವಳಲ್ಲವಾದ್ದರಿಂದ ಒಂದು ಎಚ್ಚರಿಕೆ. ಆ ಸೀಮೆಯ ಆಲೂಗಡ್ಡೆ ಸಲಾಡನ್ನು ನೋಡಿದರೆ ಪಕ್ಕಾ ಸಸ್ಯಾಹಾರ, ಆದರೆ ಅದಕ್ಕೆ ಮಾಂಸದ ಸಾರು ಹಾಕುವುದು ರೂಢಿ. ಮೌಲ್‌ಟಾಷೆನ್ ಎಂಬ ಹಿಟ್ಟಿನ ಕಡುಬಿನ ಹೂರಣದಲ್ಲೂ ಮಾಂಸ. ತರಕಾರಿಯದು ಬೇರೆ ಸಿಗುತ್ತದೆ, ಕೇಳಬೇಕು. ಕೇಸ್‌ಷ್ಪೆಟ್ಸ್‌ಲೆ, ಅಂದರೆ ಚೀಸು ಹಾಕಿದ ಮೊಟ್ಟೆ ಹಿಟ್ಟಿನ ಶಾವಿಗೆ, ಮೇಲೆ ಹುರಿದ ಈರುಳ್ಳಿ, ಮೊಟ್ಟೆ ಆಗುವುದಾದರೆ ನಿನಗೆ ಅದೇ ವಾಸಿ. ಅರ್ಧ ತಟ್ಟೆ ತಿನ್ನು. ಪೂರ್ತಿ ತಿಂದರೆ ನಿದ್ದೆ.

ನೀರಿನ ವಿಚಾರ. ಊರ ನಡುವಿನ ಎಷ್ಟೋ ಕಾರಂಜಿಗಳಲ್ಲಿ ಇದು ಕುಡಿಯುವ ನೀರಲ್ಲ ಎಂದು ಜರ್ಮನ್‌ನಲ್ಲಿ ಬರೆದಿರುತ್ತದೆ. ‘ಕೈನ್ ಟ್ರಿಂಕ್‌ವಾಸ್ಸರ್’ ಎಂದು ಕಂಡರೆ ಬಾಟಲಿ ತುಂಬಬೇಡ. ಸ್ಮಶಾನಗಳಲ್ಲಿ ಗಿಡಕ್ಕೆ ಹಾಕಲು ನಲ್ಲಿ ಇರುತ್ತದೆ, ದೂರ ಪ್ರಯಾಣದ ಸೈಕಲ್ಲಿನವರು ಅಲ್ಲೇ ತುಂಬಿಕೊಳ್ಳುವುದುಂಟು. ಅಲ್ಲೂ ಫಲಕ ಓದಿಕೊಂಡೇ ಕೈ ಹಾಕಬೇಕು. ಇದನ್ನು ಹೇಳಿದರೆ ನಿನ್ನ ಅಜ್ಜಿ ನನ್ನನ್ನು ಬೈಯುತ್ತಾಳೆ, ನೀನು ಅವಳಿಗೆ ಹೇಳಬೇಡ.

ನ್ಯೂರ್ಟಿಂಗೆನ್ ಆದ ಮೇಲೆ ವೆಂಡ್ಲಿಂಗೆನ್, ಕ್ಯೋಂಗೆನ್. ಕ್ಯೋಂಗೆನ್‌ನ ಹಳೆ ಕಲ್ಲು ಸೇತುವೆ 17ನೇ ಶತಮಾನದ ಆರಂಭದ್ದು, ಕಟ್ಟಿದವನು ಹೈನ್ರಿಷ್ ಶಿಕ್‌ಹಾರ್ಟ್. ಅದೇ ಮನೆತನದ ಕಿರಿಯ ವಿಲ್‌ಹೆಲ್ಮ್ ಟ್ಯೂಬಿಂಗೆನ್‌ನಲ್ಲಿ ಪ್ರಾಧ್ಯಾಪಕನಾಗಿದ್ದಾಗ, 1623ರಲ್ಲಿ, ಲೆಕ್ಕ ಮಾಡುವ ಯಂತ್ರ ರೂಪಿಸಿದ. ಕಂಪ್ಯೂಟರಿನವಳಾದ ನಿನಗೆ ಇದು ತಿಳಿದಿರಲಿ. ಗುಡ್ಡದ ಮೇಲೆ ರೋಮನ್ನರ ಕೋಟೆಯ ಜಾಗವೂ ಇದೆ, ಕಾಲಲ್ಲಿ ಕಸುವಿದ್ದರೆ ಹತ್ತು.

ಪ್ಲೋಖಿಂಗೆನ್‌ನಲ್ಲಿ ನದಿಯ ಸ್ವಭಾವವೇ ಬದಲಾಗುತ್ತದೆ. ಫಿಲ್ಸ್ ಹೊಳೆ ಬಂದು ಸೇರಿ, ಈಶಾನ್ಯಕ್ಕೆ ಹೋಗುತ್ತಿದ್ದ ನೆಕ್ಕರ್ ಮೊಣಕೈಯಂತೆ ಮಡಿದು ವಾಯವ್ಯಕ್ಕೆ ತಿರುಗುತ್ತದೆ. ಇಲ್ಲಿಯವರೆಗೆ ಬೆನ್ನಿಗಿದ್ದ ಪಡುವಣ ಗಾಳಿ ಇಲ್ಲಿಂದ ಮುಖಕ್ಕೆ ಬರಬಹುದು. ಬೆಳಿಗ್ಗೆಯಿಂದ ಸುಲಭವಾಗಿ ಬಂದದ್ದು ನಿನ್ನ ತೊಡೆಯ ಬಲದಿಂದಲ್ಲ, ಗಾಳಿಯ ದಯೆಯಿಂದ ಎಂದು ಆಗ ತಿಳಿಯುತ್ತದೆ. ನಿನ್ನ ಹಳೆ ನಕ್ಷೆಯ ಪ್ರಕಾರ ಇಲ್ಲಿಂದ ಮುಂದಕ್ಕೆ ಇನ್ನೂ ನೂರು ಕಿ.ಮೀ. ಬಾಕಿ ಇರುತ್ತಿತ್ತು ಎಂಬುದನ್ನೂ ಅದೇ ಹೊತ್ತಿನಲ್ಲಿ ನೆನೆದುಕೊ.

ಇಲ್ಲಿಂದ ಕೆಳಗೆ ನೆಕ್ಕರ್ ದುಡಿಯುವ ನದಿ. ಮಾನ್‌ಹೈಮ್‌ನಿಂದ ಸುಮಾರು 200 ಕಿ.ಮೀ. ಸರಕು ದೋಣಿಗಳು ಮೇಲೇರಿ ಬರುವುದು ಪ್ಲೋಖಿಂಗೆನ್‌ವರೆಗೆ ಮಾತ್ರ; ಇಲ್ಲಿನ ಬಂದರು ತೆರೆದದ್ದು 1968ರಲ್ಲಿ. ಅಷ್ಟು ದೂರಕ್ಕೆ 27 ಕಡೆ ನೀರನ್ನು ತಡೆದು ಕಟ್ಟೆ ಹಾಕಿ, ಪಕ್ಕದಲ್ಲಿ ದೋಣಿ ಏರಿಸಿ ಇಳಿಸುವ ಕೋಣೆಗಳನ್ನು ಮಾಡಿದ್ದಾರೆ. ಡೈಟ್ಸಿಸಾವ್‌ನಲ್ಲೊಂದು ಇದೆ. ದೋಣಿ ಬರುತ್ತಿದ್ದರೆ ಖಂಡಿತ ನಿಲ್ಲು. ಉದ್ದನೆಯ ದೋಣಿ ಕೋಣೆಯೊಳಗೆ ಬರುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತದೆ. ಪಂಪು ಏನೂ ಇಲ್ಲದೆ, ಮೇಲಿನ ನೀರನ್ನು ಒಳಗೆ ಬಿಟ್ಟರೆ ದೋಣಿ ತಾನೇ ಮೇಲೇಳುತ್ತದೆ, ಒಳಗಿನ ನೀರನ್ನು ಕೆಳಕ್ಕೆ ಬಿಟ್ಟರೆ ಇಳಿಯುತ್ತದೆ. ಭಾನುವಾರ ಓಡಾಟ ಕಡಿಮೆ, ಸಿಕ್ಕರೆ ಅದೃಷ್ಟ. ಆಲ್ಟ್‌ಬಾಖ್‌ನ ವಿದ್ಯುತ್ ಸ್ಥಾವರದ ಚಿಮಣಿ, ಪಕ್ಕದಲ್ಲೇ ಹೆದ್ದಾರಿಯ ಭೋರೆನ್ನುವ ಸದ್ದು ಇವನ್ನು ನೋಡಿ, ಈ ಹತ್ತು ಕಿ.ಮೀ. ರೈಲಿನಲ್ಲಿ ಕಳೆಯಿರಿ ಎನ್ನುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಬೆಳಿಗ್ಗೆಯ ಹುಡುಗಾಟದ ನದಿ ಸಂಜೆಗೆ ಗುಜರಿ ಹೊರುವುದನ್ನು ನೋಡಿದರೇನೇ ಆ ನಾಡು ಹೇಗೆ ಬದುಕುತ್ತದೆಂದು ಗೊತ್ತಾಗುವುದು.

ಎಸ್ಲಿಂಗೆನ್ ಹಳೆ ಊರಿಗೆ ಬಂದಾಗ ಇಳಿದು ನಡೆ. ಕಲ್ಲುಹಾಸು ಉಬ್ಬುತಗ್ಗು, ದಣಿದ ಕೈಗೆ ಹ್ಯಾಂಡಲ್ ಹಿಡಿತ ಸಿಕ್ಕುವುದಿಲ್ಲ. 14ನೇ ಶತಮಾನದ ಮರದ ಚೌಕಟ್ಟಿನ ಮನೆಗಳು ಇನ್ನೂ ನಿಂತಿವೆ, ಒಳಗೆ ಜನ ಸಂಸಾರ ಮಾಡಿಕೊಂಡಿದ್ದಾರೆ. ಊರ ಹಿಂದಿನ ಗುಡ್ಡದ ತುಂಬ ದ್ರಾಕ್ಷಿ. ಸೆಪ್ಟೆಂಬರಿನಲ್ಲಿ ಅರೆಹುದುಗಿನ ಹೊಸ ವೈನ್ ಮಾರುತ್ತಾರೆ, ಹಣ್ಣಿನ ರಸದಂತೆ ಸಿಹಿ. ರುಚಿಗೆ ಮೋಸಹೋಗಿ ಲೋಟ ಮುಗಿಸಿ ಸೈಕಲ್ ಹತ್ತಬೇಡ, ಅಮಲು ಆಮೇಲೆ ಏರುತ್ತದೆ. ಕುಡಿದು ಸೈಕಲ್ ತುಳಿದರೂ ಅಲ್ಲಿ ಅಪರಾಧವೇ.

ಕಾಲ ನೋವು ಇಳಿಯಲೆಂದು ಎಲ್ಲಾದರೂ ಕೂತಾಗ ಮೋಗ್ಲಿಂಗ್‌ನನ್ನು ಒಂದು ಗಳಿಗೆ ನೆನೆ. ಹುಟ್ಟಿದ್ದು 1811ರಲ್ಲಿ, ಬ್ರಾಕೆನ್‌ಹೈಮ್‌ನಲ್ಲಿ. ನಿನ್ನ ಹೈಲ್‌ಬ್ರಾನ್ ಪಕ್ಕದ ಊರು, ಇನ್ನೊಂದು ವಾರಕ್ಕಿರಲಿ. ಪತ್ರಿಕೆಯಷ್ಟೇ ಅಲ್ಲ, ದಾಸರ ಪದಗಳು, ಬಸವಪುರಾಣ, ಜೈಮಿನಿ ಭಾರತ ಇವನ್ನು ಅಚ್ಚಿಗೆ ತಂದ ಗ್ರಂಥಮಾಲೆಯೂ ಅವನದೇ. ಕೊಡಗಿನಲ್ಲಿದ್ದು ಆ ನಾಡಿನ ಮೇಲೆ ಪುಸ್ತಕ ಬರೆದ. ಊರಲ್ಲಿ ಅವನ ಹೆಸರು ಎಷ್ಟು ಜನಕ್ಕೆ ಗೊತ್ತು ಎಂದು ವಿಚಾರಿಸಿ ನೊಂದುಕೊಳ್ಳಬೇಡ. ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು?

ಎಸ್ಲಿಂಗೆನ್‌ನಿಂದ ಸ್ಟುಟ್‌ಗಾರ್ಟ್‌ಗೆ ಎಸ್-ಬಾನ್ ರೈಲು ಕಾಲು ಗಂಟೆಯ ಆಸುಪಾಸು. ಮನೆ ಸೇರಿದ ಮೇಲೆ ಸ್ನಾನ ಮಾಡು, ಉಣ್ಣಿ ನೋಡಿಕೊ, ಚೈನಿಗೆ ಎಣ್ಣೆ ಹಾಕು. ಅಲ್ಲಿ ಸಂಜೆ ಆರೂವರೆ ಎಂದರೆ ನಮಗೆ ರಾತ್ರಿ ಹತ್ತು. ನಿಮ್ಮಮ್ಮ ಮಲಗದೆ ಕಾದಿರುತ್ತಾಳೆ, ಮೊದಲು ಅವಳಿಗೆ ಫೋನ್ ಮಾಡು.